ಪಂಚಮಿಯ ದಿನ ಮೂರು ತಟ್ಟೆ

ಹಿಂದೆ ಬರುತ್ತಿದ್ದ ವ್ಯಾನು ಹಾರ್ನ್ ಮಾಡಲಿಲ್ಲ.

ನನಗೆ ಹೆದರಿಕೆಯಾದದ್ದು ಅದಕ್ಕೇ. ನಮ್ಮ ಕಡೆ ಡ್ರೈವರ್‌ಗಳು ನಾಯಿಗೂ ಹಾರ್ನ್ ಮಾಡುತ್ತಾರೆ, ನೆರಳಿಗೂ ಹಾರ್ನ್ ಮಾಡುತ್ತಾರೆ. ಸುಮ್ಮನೆ ಹಿಂದೆ ಬರುವವನಿಗೆ ದಾರಿ ಬೇಕಿಲ್ಲ.

ನಾವು ಬೇಕು!

"ಸೀತಕ್ಕ, ಗಟ್ಟಿ ಹಿಡ್ಕಣಿ!" ಎಂದು ಕೂಗಿ ಸ್ಕೂಟಿಯ ಕಿವಿ ಹಿಂಡಿದೆ.

"ಎಂತ ಹಿಡ್ಕಂಬುದ್ ಮರಾಯ್ತಿ? ಕೈಯಲ್ ಅರಿಶಿನ ಎಲೆ ಇತ್ತ್!"

"ಬಿಸಾಡಿ ಅದನ್ನ!"

"ಬಿಸಾಡುಕೆ ಇದೇನ್ ಪ್ಲಾಸ್ಟಿಕ್ ತೊಟ್ಟೆಯಾ? ಪಂಚಮಿ ಕಡಬಿಗೆ ಕೊಯ್ದದ್."

ಸೀತಕ್ಕನಿಗೆ ಎಪ್ಪತ್ತು ಹತ್ತಿರ. ಹಂಗಾರಕಟ್ಟೆಯ ಒಣಮೀನಿನ ಹೆಂಗಸರಿಗೆಲ್ಲ ಅವರೇ ಹಿರಿಯರು. ಕನ್ನಡಿಯಲ್ಲಿ ನೋಡಿದೆ. ನೀಲಿ ವ್ಯಾನು, ಬದಿಯಲ್ಲಿ ದೊಡ್ಡ ಮೀನಿನ ಚಿತ್ರ. ಪ್ರೇಮಾನಂದನ ಗಾಡಿ. ಸ್ಟೇರಿಂಗ್ ಹಿಂದೆ ಅವನ ಡ್ರೈವರ್ ರತೀಶ್.

ಎಡಕ್ಕೆ ತುಂಬಿದ ಹೊಳೆ. ಬಲಕ್ಕೆ ಕಾಂಪೌಂಡ್ ಗೋಡೆ. ನಡುವೆ ಒಂದು ಗಾಡಿ ಹೋಗುವಷ್ಟು ಡಾಂಬರು. ತಿರುಗಲು ಜಾಗವಿಲ್ಲ... ನಿಲ್ಲಲೂ ಇಲ್ಲ!

ಸಾಸ್ತಾನದಲ್ಲಿ ಹೈವೇ ಸೇರಿದರೆ ಬದುಕಿದೆವು ಎಂದುಕೊಂಡಿದ್ದೆ. ಅಲ್ಲಿಂದ ಎಡಕ್ಕೆ ಹೊರಟರೆ ತೆಕ್ಕಟ್ಟೆ, ಪ್ರೇಮಾನಂದನ ಕೋಟೆ. ಬಲಕ್ಕೆ ಬ್ರಹ್ಮಾವರ. ಅಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಒಂದೇ ಒಂದು ದಿನ ಸೀತಕ್ಕನನ್ನು ಅಲ್ಲಿ ಕೂರಿಸಿದರೆ ಸಾಕು.

ಸೇರಿದೆವು. ಆದರೆ ಹೈವೇ ಎಲ್ಲಿತ್ತು?

ಅದು 2012. ರಸ್ತೆ ಅಗಲ ಮಾಡುತ್ತೇವೆಂದು ಊರೆಲ್ಲ ಅಗೆದು ಹಾಕಿದ್ದ ಕಾಲ. ನಿನ್ನೆ ಇದ್ದ ತಿರುವು ಇವತ್ತಿಲ್ಲ. ಎದುರಿಗೆ ಕೆಂಪು ಮಣ್ಣಿನ ದಿಬ್ಬ. ಬ್ರೇಕ್ ಹಾಕಿದೆ. ಸ್ಕೂಟಿ ಕೇಳಲಿಲ್ಲ. ರಾಡಿಯಲ್ಲಿ ಜಾರಿ ಅಡ್ಡ ಬಿತ್ತು. ನಾನು ಕೆಳಗೆ, ಸೀತಕ್ಕ ನನ್ನ ಮೇಲೆ, ಅರಿಶಿನ ಎಲೆ ಸೀತಕ್ಕನ ಎದೆಯ ಮೇಲೆ!

ವ್ಯಾನು ನಿಂತಿತು. ಮೂರು ಜನ ಇಳಿದರು.

"ಬಾಗಕ್ಕ, ನೀವ್ ಮರ್ಯಾದಸ್ಥರ್," ರತೀಶ್ ಹೇಳಿದ. "ಎತ್ತಿ ಹಾಕುಕೆ ನಂಗ್ ಮನ್ಸಿಲ್ಲೆ. ನೀವೇ ಹತ್ತಿ."

"ಹತ್ತದಿದ್ರೆ?"

"ಎತ್ತಿ ಹಾಕ್ತೆ."

ಜೊತೆಗಿದ್ದ ಒಬ್ಬ ನನ್ನ ತೋಳಿಗೆ ಕೈ ಹಾಕಿದ. ಸ್ಕೂಟಿಗೆ ಸಿಕ್ಕಿಸಿದ್ದ ಕೊಡೆ ಎಳೆದು ಅದರ ಮೊನೆಯಿಂದ ಅವನ ಮೊಣಕಾಲಿಗೆ ಕೊಟ್ಟೆ. ಅಮ್ಮಾ ಎಂದು ಕೂತ. ಎರಡನೆಯವನು ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಕೊಡೆ ಎತ್ತುವಷ್ಟರಲ್ಲಿ ರತೀಶ್ ಸೀತಕ್ಕನ ಕೈ ಹಿಡಿದಾಗಿತ್ತು.

ಕೊಡೆ ಇಳಿಸಿದೆ.

ಬಾಗಿಲು ಧಡ್ ಎಂದು ಮುಚ್ಚಿತು. ಆಮೇಲೆ ಕತ್ತಲೆ.

ಮೀನು ಸಾಗಿಸುವ ಇನ್ಸುಲೇಟೆಡ್ ವ್ಯಾನು ನೋಡಿದ್ದೀರಾ? ಒಳಗಿನಿಂದ ಹಿಡಿ ಇರುವುದಿಲ್ಲ. ಮೀನಿಗೆ ಹಿಡಿ ಯಾಕೆ ಬೇಕು? ಬೆಳಕಿಲ್ಲ, ಶಬ್ದವಿಲ್ಲ. ಗೋಡೆಗೆ ಗುದ್ದಿದರೆ ದಿಂಬಿಗೆ ಗುದ್ದಿದ ಹಾಗೆ. ಫೋನು ರಾಡಿಯಲ್ಲಿ ಬಿದ್ದಿತ್ತು.

"ಸೀತಕ್ಕ, ಪೆಟ್ಟಾಯ್ತಾ?"

"ನಂಗೆಂತ ಆಪುದಿತ್ತ್? ನಿನ್ ಮೇಲೆ ಬಿದ್ದದ್ದಲೆ. ನೀ ಮೆತ್ತಗಿದ್ದೆ. ಈಗಾರೂ ಹೇಳ್. ನೀ ಓಡ್ಕಂಡ್ ಬಂದೆ, ಗಾಡಿ ಹತ್ತಿ ಅಂದೆ, ಹತ್ತಿದೆ. ಎಂತ ಕಥಿ ಇದ್?"

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಬಾಗಿ. ಬೋಟಿನ ಇಂಜಿನ್ ಕಳುವಾದರೆ, ಯಾರದೋ ಬಲೆಯನ್ನು ಯಾರೋ ಕತ್ತರಿಸಿದರೆ, ಪಾಲುದಾರರು ಕತ್ತಿ ತೆಗೆದರೆ, ಸ್ಟೇಷನ್‌ಗೆ ಹೋಗುವ ಮೊದಲು ಜನ ನನ್ನ ಜಗಲಿಗೆ ಬರುತ್ತಾರೆ. ಒಲೆಯ ಮೇಲೆ ಅನ್ನ ಬೇಯುತ್ತಿರುತ್ತದೆ, ಮಗಳ ಜಡೆ ಅರ್ಧ ಹೆಣೆದಿರುತ್ತೇನೆ, ನಡುವೆಯೇ ಪಂಚಾಯಿತಿ ಮುಗಿಸುತ್ತೇನೆ. ಹೆಂಗಸು ಎಂದು ಯಾರೂ ಕೈ ಎತ್ತುವುದಿಲ್ಲ. ಎತ್ತಿದವರಿಗೆ ಕೊಡೆ ಇದೆ.

ವಾರದ ಹಿಂದೆ ಪ್ರೇಮಾನಂದ ಕರೆಸಿದ. ತೆಕ್ಕಟ್ಟೆಯಲ್ಲಿ ಅವನ ಪ್ಯಾಕಿಂಗ್ ಫ್ಯಾಕ್ಟರಿ, ಐಸ್ ಪ್ಲಾಂಟ್, ಎಕ್ಸ್‌ಪೋರ್ಟ್. ಅರ್ಧ ತೀರದ ಬೋಟುಗಳು ಅವನ ಐಸಿನ ಮೇಲೆಯೇ ಕಡಲಿಗಿಳಿಯುವುದು. ನನ್ನ ತಮ್ಮ ತಿಮ್ಮನ ಬೋಟು ಕೂಡ.

"ಸೋಮವಾರ ಸೀತಕ್ಕನನ್ನು ಇಲ್ಲಿಗೆ ಕರ್ಕಂಡ್ ಬಾ," ಎಂದ. "ಹಂಗಾರಕಟ್ಟೆ ಚಟ್ಲಿಗೆ ಒಳ್ಳೆ ಕಾಲ ಬಂತ್."

ಚಟ್ಲಿ ಎಂದರೆ ಸೀಗಡಿ. ಹೊಳೆ ಕಡಲು ಸೇರುವ ಬಾಯಲ್ಲಿ ಸಿಗುವ ಸಣ್ಣ ಚಟ್ಲಿ. ಬೇಸಿಗೆಯಲ್ಲಿ ನಮ್ಮ ಹೆಂಗಸರು ಹೊಯಿಗೆಯ, ಅಂದರೆ ಮರಳಿನ, ಮೇಲೆ ಚಾಪೆ ಹಾಸಿ ಒಣಗಿಸುತ್ತಾರೆ. ಬೊಂಬಾಯಿಗೆ ಹೋದವರು ಟ್ರಂಕಿನಲ್ಲಿ ಅದನ್ನು ಹೊತ್ತುಕೊಂಡೇ ಹೋದರು. ಹೆಸರು ಅಲ್ಲಿಂದ ಬೆಳೆಯಿತು. ಈಗ ಕಡಲಾಚೆಗೂ ಹೋಗಿದೆ.

ಆಗ ನಮ್ಮ ದೇಶಕ್ಕೂ ಯುರೋಪಿನವರಿಗೂ ದೊಡ್ಡ ವ್ಯಾಪಾರದ ಮಾತುಕತೆ ನಡೆಯುತ್ತಿತ್ತು. ಅವರ ಊರಿನ ಚೀಸಿನ ಹೆಸರನ್ನು ನಾವು ಇಲ್ಲಿ ಕದಿಯಬಾರದು. ನಮ್ಮ ಊರಿನ ತಿಂಡಿಯ ಹೆಸರನ್ನು ಅವರು ಅಲ್ಲಿ ಕದಿಯಬಾರದು. ಎರಡೂ ಕಡೆಯವರು ಹೆಸರುಗಳ ಪಟ್ಟಿ ಮಾಡಿದ್ದರು. ನಮ್ಮ ಪಟ್ಟಿಯ ಬಾಲದಲ್ಲಿ ಹಂಗಾರಕಟ್ಟೆಯ ಒಣ ಚಟ್ಲಿ. ಅವರಿಗೆ ಅದರ ಮೇಲೆ ಅನುಮಾನ. ಇದು ನಿಜವಾಗಿ ಒಂದು ಊರಿನದ್ದೋ, ಎಲ್ಲ ಕಡೆ ಸಿಗುವಂಥದ್ದೋ? ನೋಡಲು ಅವರ ಕಡೆಯ ಒಬ್ಬ ಮೇಡಂ, ದೆಹಲಿಯಿಂದ ಒಬ್ಬ ಸಾಹೇಬ ಬರುವವರಿದ್ದರು.

ಹೆಸರು ಪಟ್ಟಿಯಲ್ಲಿ ಉಳಿದರೆ ಸೀತಕ್ಕನ ಹೆಂಗಸರಿಗೆ ಬದುಕು. ಹೋದರೆ ಹೆಸರು ಬೀದಿ ಪಾಲು, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಪ್ರೇಮಾನಂದನಿಗೆ ಅದು ಬೀದಿ ಪಾಲಾಗಬೇಕಿತ್ತು. ಅವನು ಎಲ್ಲಿಂದಲೋ ಕೆರೆ ಚಟ್ಲಿ ತರಿಸಿ, ಮಿಷನ್ನಿನಲ್ಲಿ ಒಣಗಿಸಿ, ಪ್ಯಾಕೆಟ್ಟಿನ ಮೇಲೆ ಹಂಗಾರಕಟ್ಟೆ ಎಂದು ಅಚ್ಚು ಹಾಕಿ ಕಳಿಸುತ್ತಿದ್ದ. ಇದು ಇಡೀ ತೀರಕ್ಕೆ ಗೊತ್ತು. ಆದರೂ ನಾನು ಒಪ್ಪಿದೆ. ಸರ್ಕಾರದವರ ಎದುರು ಏನು ತಾನೇ ಮಾಡಿಯಾನು ಎಂದು.

ಇವತ್ತು ಬೆಳಿಗ್ಗೆ ನಾಗನ ಕಟ್ಟೆಯ ಹತ್ತಿರ ನಿಖಿತಾ ಸಿಕ್ಕಳು. ಕುಂದಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಮೇಡಂಗೂ ನಮಗೂ ನಡುವೆ ಮಾತು ದಾಟಿಸಲು ಅವಳನ್ನು ಕರೆದಿದ್ದರು.

"ಬಾಗಕ್ಕ, ಇವತ್ ಹನ್ನೊಂದ್ ಗಂಟಿಗೆ ಪರೀಕ್ಷೆ. ಮೂರು ತಟ್ಟೆ ಚಟ್ಲಿ ಇಡ್ತ್ರ್. ಸೀತಕ್ಕ ತಿಂದ್, ತಮ್ದ್ ಯಾವ್ದ್ ಅಂತ ಹೇಳ್ಕಂತೆ. ಹೇಳಿದ್ರೆ ಹೆಸರು ಅವರದ್ದ್. ಪ್ರೇಮಣ್ಣನೇ ಸೂಚಿಸಿದ್ ಗಡ."

ಕೈಯಲ್ಲಿದ್ದ ಹಾಲಿನ ತಂಬಿಗೆ ಹಾಗೇ ನಿಂತಿತು.

ಇವತ್ತು... ನಾಗರಪಂಚಮಿ!

ನಿಮಗೆ ಗೊತ್ತಿರಬಹುದು. ನಮ್ಮ ಕರಾವಳಿಯಲ್ಲಿ ಈ ದಿನ ಮೀನು ಮಾರ್ಕೆಟ್ಟಿಗೆ ಬೀಗ. ಬೆಕ್ಕಿಗೂ ಉಪವಾಸ. ಉಳಿದ ದೇವರ ಹತ್ತಿರ ನಾವು ಚೌಕಾಸಿ ಮಾಡುತ್ತೇವೆ, ನಾಗನ ಹತ್ತಿರ ಮಾಡುವುದಿಲ್ಲ. ಮಕ್ಕಳ ಮೈ, ಹೊಟ್ಟೆಯಲ್ಲಿರುವ ಕೂಸು, ಸಂತಾನ... ಎಲ್ಲ ಅವನ ಲೆಕ್ಕದಲ್ಲಿ. ಹೊರಗಿನವರಿಗೆ ಇದು ಬರೀ ಸೋಮವಾರ. ಪ್ರೇಮಾನಂದ ನಮ್ಮವನು. ದಿನ ಆರಿಸಿದವನು ಅವನು!

ಸೀತಕ್ಕ ಎದುರಿಗೆ ಕೂತು ಬೇಡ ಎಂದರೆ ಸೋಲು. ಅಲ್ಲಿಗೇ ಹೋಗದಿದ್ದರೆ? ಮುದುಕಿಗೆ ಹುಷಾರಿಲ್ಲ ಎನ್ನಬಹುದು. ನಾಳೆಗೆ ಮುಂದೂಡಬಹುದು. ಮೇಡಂ ನಾಳೆ ಬೈಂದೂರು, ಶಿರೂರಿನ ಕಡೆ ನೋಡಿಕೊಂಡು ಆಮೇಲೆ ಹೊರಡುವವರು. ಅದಕ್ಕೇ ನಾನು ಸ್ಕೂಟಿ ತೆಗೆದದ್ದು. ಪರೀಕ್ಷೆಯ ವಿಷಯ ಕೇಳಿದ್ದೇ ನಾನು ಹಂಗಾರಕಟ್ಟೆಯ ಕಡೆ ಓಡಿದೆ ಎಂದು ಯಾರೋ ಅವನ ಕಿವಿಗೆ ಮುಟ್ಟಿಸಿದರು.

ಎಲ್ಲ ಕೇಳಿ ಸೀತಕ್ಕ ಕತ್ತಲಲ್ಲಿ ಉಸಿರು ಬಿಟ್ಟರು.

"ಹಂಗಾರೆ ತಿಂದ್ರೂ ಹೋಯ್ತ್, ಬಿಟ್ರೂ ಹೋಯ್ತ್."

"ಹೌದ್ ಸೀತಕ್ಕ."

"ಅವ್ನ ಅಬ್ಬಿ ನನ್ ಹತ್ರ ಚಟ್ಲಿ ತಕಂಡೇ ಅವ್ನನ್ ಸಾಕಿದ್ದ್. ಆಗ್ಳೇ ಒಂಚೂರ್ ಉಪ್ಪು ಹೆಚ್ ಹಾಕಿ ಕೊಡ್ಕಿತ್ತ್."

ವ್ಯಾನು ನಿಂತಿತು.

ಬಾಗಿಲು ತೆರೆದಾಗ ಬೆಳಕು ಕಣ್ಣಿಗೆ ಚುಚ್ಚಿತು. ಎತ್ತರದ ಕಾಂಪೌಂಡು. ಮುಚ್ಚಿದ ಗೇಟು. ಗೇಟಿನ ಮುಂದೆ ಸೆಕ್ಯುರಿಟಿ. ಪ್ರೇಮಾನಂದ ತಾನೇ ಕೊಡೆ ಹಿಡಿದು ಬಂದಿದ್ದ. ಬಿಳಿ ಶರ್ಟು, ಬಿಳಿ ಪಂಚೆ, ಬಿಳಿ ನಗು.

"ಬನ್ನಿ ಸೀತಕ್ಕ. ಎಂತ ಇಷ್ಟ್ ತಡ? ದಾರಿಯಲ್ ಬಿದ್ರಿ ಗಡ. ಪಾಪ." ಆಮೇಲೆ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಬಾಗಿ, ಮುಂದಿನ ತಿಂಗ್ಳ್ ಬೋಟೆಲ್ಲ ಕಡಲಿಗಿಳಿತ್ತ್. ತಿಮ್ಮನ ಬೋಟಿಗೆ ಐಸ್ ಬೇಕಲೆ?"

"ಬೇಕ್."

"ಹಂಗಾರೆ ಒಳಗೆ ಬಾಯಿ ಮುಚ್ಚಿ ಕೂಕೋ. ನೀನೇನ್ ಮಾಡುದೂ ಬ್ಯಾಡ. ಸುಮ್ಮನೆ ಕೂಕಂಬುದ್."

ಸುಮ್ಮನೆ ಕೂತರೆ ತಮ್ಮನ ಬೋಟು ಉಳಿಯುತ್ತದೆ. ಬಾಯಿ ಬಿಟ್ಟರೆ ಅದೂ ಹೋಯಿತು. ಗೇಟಿಗೆ ಹಾಕಿದ್ದಕ್ಕಿಂತ ದೊಡ್ಡ ಬೀಗ!

ಮೇಲಿನ ಮಹಡಿಯಲ್ಲಿ ಮೀಟಿಂಗ್ ರೂಮು. ಗಾಜಿನ ಬಾಗಿಲು, ಮೂಳೆ ಕೊರೆಯುವ ಏಸಿ. ಮೇಜಿನ ಆಚೆ ಬದಿಗೆ ನರೆತ ಕೂದಲಿನ ಮೇಡಂ, ಪಕ್ಕದಲ್ಲಿ ದೆಹಲಿಯ ಸಾಹೇಬ. ಈಚೆಗೆ ಕೆಸರು ಮೆತ್ತಿದ ನಾವಿಬ್ಬರು. ನಮ್ಮ ಪಕ್ಕ ನಿಖಿತಾ. ಬಾಗಿಲಿಗೆ ಅಡ್ಡವಾಗಿ ರತೀಶ್.

ಮೇಜಿನ ನಡುವೆ ಮೂರು ಪಿಂಗಾಣಿ ತಟ್ಟೆ. ಹುರಿದ ಒಣ ಚಟ್ಲಿ. ಮೂರರಲ್ಲೂ ಅದೇ ಗಾತ್ರ, ಅದೇ ಬಣ್ಣ. ಪರಿಮಳ ಮೂಗಿಗೆ ಬಂದದ್ದೇ ಸೀತಕ್ಕ ಸೆರಗು ಮುಚ್ಚಿಕೊಂಡರು.

ಮೇಡಂ ಒಳ್ಳೆಯ ಹೆಂಗಸು. ನಮ್ಮ ಕೆಸರು ನೋಡಿ ತಾವೇ ಎದ್ದು ಟವೆಲ್ ತರಿಸಿಕೊಟ್ಟರು. ತಮ್ಮ ಅಜ್ಜಿಯ ಊರಿನಲ್ಲಿ ಒಂದು ಚೀಸ್ ಮಾಡುತ್ತಾರೆ, ಊರಿನ ಹೆಸರೇ ಚೀಸಿನ ಹೆಸರು, ಅದನ್ನು ಕದ್ದವರ ಮೇಲೆ ಆ ಊರಿನವರು ಎಷ್ಟೋ ವರ್ಷ ಹೋರಾಡಿದರು ಎಂದೆಲ್ಲ ಹೇಳಿದರು. ನಿಖಿತಾ ಕನ್ನಡದಲ್ಲಿ ದಾಟಿಸಿದಳು.

"ಅದಕ್ಕೇ ಕೇಳುತ್ತಿದ್ದೇನೆ ಅಂತಾರೆ ಸೀತಕ್ಕ. ನಿಮ್ಮದು ನಿಮ್ಮದೇ ಅಂತ ಒಮ್ಮೆ ತೋರಿಸಿ. ತಿಂದು ಹೇಳಿ."

"ನಾಳಿ ತಿಂತೆ," ಎಂದರು ಸೀತಕ್ಕ. "ಇವತ್ ಆತಿಲ್ಲೆ."

"ಯಾಕಂತೆ?" ದೆಹಲಿ ಸಾಹೇಬ ಕೇಳಿದ.

ನಿಖಿತಾ ಹೇಳಿದಳು. ನಾಗ, ಹಾಲು, ಹಬ್ಬ, ಮೀನು ಮುಟ್ಟದ ದಿನ. ಮೇಡಂ ಕಿವಿಗೊಟ್ಟು ಕೇಳಿ ಪ್ರೇಮಾನಂದನ ಕಡೆ ತಿರುಗಿದರು. ಹೌದೇ ಎಂಬಂತೆ.

ಅವನು ನಕ್ಕ. ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದ. ನಿಖಿತಾಳ ಮುಖ ಕೆಂಪಾಯಿತು. ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಬಾಗಕ್ಕ, ಇದೆಲ್ಲ ಹಳೇ ಕಾಲದ್ದು, ಈಗ ಯಾರೂ ಪಾಲಿಸುದಿಲ್ಲ ಅಂತಿದ್ರ್. ಗುರುತು ಹಿಡಿಲಿಕ್ಕೆ ಆಗುದಿಲ್ಲ ಅಂತ ಹೆದರಿ ಹಬ್ಬದ ನೆಪ ಹೇಳ್ತಿದ್ದಾಳೆ ಅಂತಿದ್ರ್. ಮೂರೂ ತಟ್ಟೆಯಲ್ಲಿ ಇರುದ್ ಒಂದೇ ಜಾತಿ ಚಟ್ಲಿ, ಯಾವ ಊರಿನ ಹೆಸರೂ ಬೇಕಿಲ್ಲ ಅಂತಿದ್ರ್!"

ದೆಹಲಿ ಸಾಹೇಬ ಗಡಿಯಾರ ನೋಡಿದ. ಮಾಡುವವರೇ ಗುರುತು ಹಿಡಿಯದಿದ್ದರೆ ಹಾಗೆಯೇ ಬರೆಯಬೇಕಾಗುತ್ತದೆ ಎಂದ. ಮೇಡಂ ಮುಖದಲ್ಲಿ ಬೇಸರ. ಅವರು ಸೀತಕ್ಕನನ್ನು ನೋಡಿದರು. ಸೀತಕ್ಕ ತಟ್ಟೆಯನ್ನು ನೋಡಿದರು.

ಯಾರಾದರೂ ತಿನ್ನಲೇಬೇಕಿತ್ತು.

ಸರಿ, ನಾನು ತಿನ್ನುತ್ತೇನೆ ಎಂದುಕೊಂಡೆ. ನಾನೂ ಆ ಹೊಯಿಗೆಯಲ್ಲೇ ಹುಟ್ಟಿದವಳು. ಆ ಚಾಪೆಗಳ ನಡುವೆಯೇ ಅಂಬೆಗಾಲಿಟ್ಟವಳು. ನನಗೂ ಗುರುತು ಸಿಗುತ್ತದೆ. ಪಾಪ ಬಂದರೆ ನನಗೆ ಬರಲಿ. ಕೈ ಚಾಚಿ ನಡುವಿನ ತಟ್ಟೆಯಿಂದ ಒಂದು ಚಟ್ಲಿ ಎತ್ತಿದೆ.

"ಬಾಗೀ!" ಸೀತಕ್ಕ ನನ್ನ ಮಣಿಕಟ್ಟು ಹಿಡಿದರು. "ನಿಂಗೆ ಹೆಣ್ ಮಗು ಇತ್ತ್."

ಬಿಡಿಸಿಕೊಂಡೆ. ಚಟ್ಲಿ ತುಟಿಯವರೆಗೆ ಬಂತು.

ಮನೆಯಲ್ಲಿ ಮಗಳು ಧನ್ಯಶ್ರೀ ಕಾಯುತ್ತಿದ್ದಳು. ಹಾಲೆರೆದು ಬಂದು ಕಡಬು ಕಟ್ಟುವ, ನೀನು ಬೆಲ್ಲ ತುರಿದಿಡು ಎಂದು ಹೇಳಿ ಬಂದಿದ್ದೆ. ಹೋದ ವರ್ಷ ಅವಳ ಮೈಯೆಲ್ಲ ಗುಳ್ಳೆ ಎದ್ದಾಗ ನಾಗನಿಗೆ ಹರಕೆ ಹೇಳಿಕೊಂಡು ಇಡೀ ರಾತ್ರಿ ಬೇವಿನ ಸೊಪ್ಪು ಬೀಸಿದ್ದು ಇದೇ ಕೈ. ಗುಳ್ಳೆ ಡಾಕ್ಟರ ಮದ್ದಿಗೆ ಹೋಯಿತೋ ಹರಕೆಗೆ ಹೋಯಿತೋ ನಾನು ಕೇಳಲಿಲ್ಲ. ಯಾವ ತಾಯಿ ಕೇಳುತ್ತಾಳೆ?

ಕತ್ತಿ ಹಿಡಿದವರ ನಡುವೆ ನಿಂತವಳು ನಾನು. ನಡುಗಡಲಲ್ಲಿ ಬೋಟಿನಿಂದ ಬೋಟಿಗೆ ಹಾರಿದವಳು. ಆದರೆ ಆ ಒಂದು ಚಟ್ಲಿಗೆ ಹೆದರಿದೆ... ಬಾಯಿ ತೆರೆಯಲಿಲ್ಲ!

ತಿರುಗಿ ತಟ್ಟೆಗೆ ಹಾಕಿದೆ.

ಪ್ರೇಮಾನಂದ ಕುರ್ಚಿಗೆ ಒರಗಿಕೊಂಡ. ಗೆದ್ದವನ ಒರಗು. ಏಸಿಯ ಗಾಳಿಗೆ ಅವನ ನುಣ್ಣಗೆ ಬಾಚಿದ ಕೂದಲು ಒಂದಿಷ್ಟು ಎದ್ದಿತು. ಆಗ ಕಂಡೆ. ಕಿವಿಯ ಹಿಂದೆ, ಕೂದಲ ಮರೆಯಲ್ಲಿ, ಹಿಂಗಾರದ ಒಂದು ಎಳೆ. ಅಡಿಕೆ ಹೂವು. ನಾಗನ ಪ್ರಸಾದ.

ಅವನೂ ಬೆಳಿಗ್ಗೆ ಹಾಲೆರೆದೇ ಬಂದಿದ್ದ!

ತಲೆಯೊಳಗೆ ಏನೋ ಟಕ್ ಎಂದಿತು. ನನ್ನ ಕೈಲಿ ಆಗಲಿಲ್ಲ... ಅವನ ಕೈಲಿ ಆಗುತ್ತದಾ? ಅವನ ಮಗಳು ಬೊಂಬಾಯಿಯಿಂದ ಬಾಣಂತನಕ್ಕೆ ಬಂದಿದ್ದಳು. ಚೊಚ್ಚಲು. ಹೋದ ತಿಂಗಳಷ್ಟೇ ಮನೆಯಲ್ಲಿ ನಾಗನಿಗೆ ಆಶ್ಲೇಷಾ ಬಲಿ ಮಾಡಿಸಿದ್ದ. ಊರಿಗೆಲ್ಲ ಊಟ. ನಾನೂ ಉಂಡಿದ್ದೆ.

ಐಸ್ ನೆನಪಾಯಿತು. ತಿಮ್ಮನ ಮುಖ ನೆನಪಾಯಿತು. ಬಾಯಿ ಮುಚ್ಚಿ ಕೂರು ಎಂದಿದ್ದ.

ಬಾಯಿ ಬಿಟ್ಟೆ.

"ಪ್ರೇಮಣ್ಣ, ಒಂದ್ ಮಾತ್."

"ಎಂತ?"

"ಪಂಚಮಿ ಗಿಂಚಮಿ ಎಲ್ಲ ಈಗ ಯಾರೂ ಪಾಲಿಸುದಿಲ್ಲ ಅಂದ್ರಿ ಅಲ್ದಾ?"

"ಅಂದೆ. ಈಗೆಂತ?"

"ಎಂತದ್ದೂ ಇಲ್ಲೆ." ಮೂರೂ ತಟ್ಟೆಗಳನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದೆ. "ಹಂಗಾರೆ ನೀವೇ ತಿಂದ್ ತೋರ್ಸಿ. ಮೂರೂ ಒಂದೇ ಅಂದ್ರಿ. ಮೇಡಂಗೆ ತಿಂದ್ ಹೇಳಿ."

ಅವನ ನಗು ಅರ್ಧಕ್ಕೆ ನಿಂತಿತು.

"ನಂದ್ ನಾಷ್ಟ ಆಯ್ತ್."

"ಊಟ ಮಾಡಿ ಅಂದ್ನಾ? ಒಂದ್ ಚಟ್ಲಿ."

"ಏ ಬಾಗಿ, ಇದ್ ಮೀನ್ ಮಾರ್ಕೆಟ್ ಅಲ್ಲ!"

"ಮಾರ್ಕೆಟ್ಟಿಗೆ ಇವತ್ ಬೀಗ ಪ್ರೇಮಣ್ಣ. ಎಂತಕೆ ಬೀಗ ಅಂತ ನೀವೇ ಹೇಳಿ."

ಮೇಡಂ ನಿಖಿತಾಳನ್ನು ಕೇಳಿದರು. ನಿಖಿತಾ ಒಂದು ಮಾತನ್ನೂ ಬಿಡದೆ ದಾಟಿಸಿದಳು. ಮೇಡಂ ಕಣ್ಣು ಅರಳಿತು. ಒಳ್ಳೆಯ ಯೋಚನೆ, ದಯವಿಟ್ಟು ತಿನ್ನಿ ಎಂದು ಮೊದಲ ತಟ್ಟೆಯನ್ನು ತಾವೇ ಎತ್ತಿ ಅವನ ಎದುರು ಹಿಡಿದರು.



ಪ್ರೇಮಾನಂದ ಕೈ ಚಾಚಿದ. ಎರಡು ಬೆರಳ ತುದಿಯಲ್ಲಿ ಒಂದು ಚಟ್ಲಿ ಎತ್ತಿದ. ಅಷ್ಟು ಚಳಿಯಲ್ಲೂ ಹಣೆಯ ಮೇಲೆ ಬೆವರು. ಕೈ ಮೇಲೆ ಬಂತು. ಎದೆಯವರೆಗೆ... ಗದ್ದದವರೆಗೆ... ಸೀತಕ್ಕ ಕಣ್ಣು ಮುಚ್ಚಿಕೊಂಡರು. ಶತ್ರುವಾದರೂ ತಿನ್ನುವುದನ್ನು ನೋಡಲಾರದೆ.

"ಅಣ್ಣಾ!"

ಬಾಗಿಲ ಹತ್ತಿರದಿಂದ ರತೀಶ್ ಕೂಗಿದ.

"ಬ್ಯಾಡ ಅಣ್ಣಾ! ಮನೆಯಲ್ ನಿಮ್ ಮಗ್ಳ್ ತುಂಬಿದ್ ಬಸ್ರಿ!"

ಚಟ್ಲಿ ಮೇಜಿನ ಮೇಲೆ ಬಿತ್ತು.

ಪ್ರೇಮಾನಂದ ಕರ್ಚೀಫ್ ತೆಗೆದು ಬೆರಳು ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಚರ್ಮ ಕಿತ್ತು ಬರುವ ಹಾಗೆ. ಯಾರ ಮುಖವನ್ನೂ ನೋಡಲಿಲ್ಲ. ಅವನು ಬಲೆ ಹಾಕಿದ್ದು ಚೆನ್ನಾಗಿಯೇ ಇತ್ತು. ತಾನೂ ಅದೇ ನೀರಿನ ಮೀನು ಎಂಬುದನ್ನು ಮರೆತಿದ್ದ.

ಮೇಡಂ ತಟ್ಟೆಯನ್ನು ಮೆತ್ತಗೆ ಕೆಳಗಿಟ್ಟರು. ಸಾಹೇಬನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಯಿತು. ಈ ದಿನವನ್ನು ಆರಿಸಿದವರು ಯಾರು?

ಸಾಹೇಬ ಪೆನ್ನಿನಿಂದ ಪ್ರೇಮಾನಂದನನ್ನು ತೋರಿಸಿದ.

ಆಮೇಲೆ ಮೇಡಂ ಹೇಳಿದ ಮಾತನ್ನು ನಿಖಿತಾ ದೊಡ್ಡ ದನಿಯಲ್ಲೇ ದಾಟಿಸಿದಳು.

"ಈ ಮೂವರೂ ಒಂದೇ ಕಾರಣಕ್ಕೆ ತಿನ್ನಲಿಲ್ಲ ಅಂತಾರೆ. ಆದರೆ ಒಬ್ಬರು ಮಾತ್ರ ಆ ಕಾರಣ ಸುಳ್ಳು ಅಂತ ಹೇಳಿದ್ದರಂತೆ."

ಮೂರೂ ತಟ್ಟೆಯ ಚಟ್ಲಿಯನ್ನು ಮೇಡಂ ತಾವೇ ಬೇರೆ ಬೇರೆ ಡಬ್ಬಿಗೆ ಹಾಕಿ, ತಟ್ಟೆಯಡಿಯ ಗುರುತನ್ನು ಡಬ್ಬಿಯ ಅಡಿಗೂ ಬರೆದು, ಟೇಪು ಸುತ್ತಿ, ಚೀಲಕ್ಕಿಟ್ಟುಕೊಂಡರು. ಬೈಂದೂರಿಗೆ ಇವತ್ತೇ ಹೋಗೋಣ, ಪರೀಕ್ಷೆ ನಾಳೆ ಹಂಗಾರಕಟ್ಟೆಯಲ್ಲಿ ಎಂದರು. ಹೋಗುವಾಗ ಸೀತಕ್ಕನ ಎದುರು ನಿಂತು ಅರಿಶಿನ ಎಲೆ ತೋರಿಸಿ ಅದೇನೆಂದು ಕೇಳಿದರು. ಸೀತಕ್ಕ ಒಂದು ಎಲೆ ಹರಿದು ಅವರ ಮೂಗಿನ ಹತ್ತಿರ ಹಿಡಿದರು.

"ಇದ್ರಲ್ ಬೇಯ್ಸಿದ್ ಕಡಬು ತಿಂಬುಕಾತ್ತ್. ಇವತ್ತೇ ತಿನ್ನಿ. ಬಾಗಿ ಮನೆಗೆ ಬನ್ನಿ."

ಬರಲಿಲ್ಲ. ಆದರೆ ಎಲೆ ತೆಗೆದುಕೊಂಡು ಹೋದರು.

ಗೇಟು ತೆರೆಯಿತು. ನಮ್ಮನ್ನು ಮನೆಗೆ ಮುಟ್ಟಿಸಲು ಬಂದವನು ರತೀಶನೇ. ಈ ಸಲ ಮುಂದಿನ ಸೀಟು.

"ಕೆಲ್ಸ ಹೋಯ್ತ್ ಕಾಣತ್ತ್ ಬಾಗಕ್ಕ," ಎಂದ.

"ಹೋಯ್ಲಿ. ಅವ್ರ ಮಗ್ಳ್ ಉಳಿದ್ಲಲೆ."

ಸಾಸ್ತಾನದ ತಿರುವಿನಲ್ಲಿ ನನ್ನ ಸ್ಕೂಟಿಯನ್ನು ರಾಡಿಯಿಂದ ಎತ್ತಿ ಕೊಟ್ಟ. ಆಮೇಲೆ ಹಾರ್ನ್ ಮಾಡಿ ಹೋದ.

ಮರುದಿನ ಬೆಳಿಗ್ಗೆ ಹಂಗಾರಕಟ್ಟೆಯ ದೋಣಿ ಕಟ್ಟುವ ಶೆಡ್ಡಿನಲ್ಲಿ ಊರೆಲ್ಲ ಸೇರಿತ್ತು. ಸೀತಕ್ಕ ಒಳ್ಳೆ ಸೀರೆ ಉಟ್ಟು ಬಂದಿದ್ದರು. ಮೊದಲ ಡಬ್ಬಿಯದ್ದನ್ನು ಬಾಯಿಗೆ ಹಾಕಿ ಉಗಿದರು. ಎರಡನೆಯದ್ದನ್ನೂ ಉಗಿದರು. ಮೂರನೆಯದ್ದನ್ನು ಅಗಿದರು... ನಿಂತರು... ಮುಖ ಸಿಂಡರಿಸಿದರು!

ನಾನು ಎದ್ದು ನಿಂತೆ.

"ಇದ್ ನಮ್ದೇ," ಎಂದರು. "ಹಲ್ಲಿಗೆ ಹೊಯಿಗೆ ಸಿಕ್ತ್. ನನ್ ಸೊಸೆ ಒಣಗ್ಸಿದ್ದ್. ಚಾಪೆ ಕೊಡವಿ ಹಾಸ್ ಅಂತ ಎಷ್ಟ್ ಬಡ್ಕಂಡ್ರೂ ಅವ್ಳಿಗೆ ಕಿವಿ ಇಲ್ಲೆ!"

ಸೊಸೆ ಹಿಂದಿನಿಂದ ಏನೋ ತಿರುಗಿ ಹೇಳಿದಳು. ಜಗಳ ಅಲ್ಲೇ ಶುರುವಾಯಿತು. ಇದನ್ನು ಇಂಗ್ಲಿಷಿಗೆ ಹೇಳಬೇಡ ಎಂದು ಸಾಹೇಬ ನಿಖಿತಾಳಿಗೆ ಸನ್ನೆ ಮಾಡಿದ. ಅವಳು ಹೇಳಿಯೇ ಬಿಟ್ಟಳು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತಮ್ಮ ಅಜ್ಜಿಯೂ ಸೊಸೆಯ ಚೀಸನ್ನು ಹೀಗೇ ಗುರುತು ಹಿಡಿಯುತ್ತಿದ್ದಳಂತೆ.

ಡಬ್ಬಿಯ ಅಡಿಯಲ್ಲಿದ್ದ ಗುರುತು ನೋಡಿದರು. ಸರಿಯಾಗಿತ್ತು.

ಪಟ್ಟಿಯಲ್ಲಿ ಹೆಸರು ಉಳಿಯಿತು. ದೊಡ್ಡವರ ಮಾತುಕತೆ ಮಾತ್ರ ಮುಗಿಯಲಿಲ್ಲ. ಅವರ ಕಾರು, ನಮ್ಮ ಮದ್ದು, ಇನ್ನೆಂಥದೋ... ಎಲ್ಲೋ ಸಿಕ್ಕಿಕೊಂಡು ನಿಂತಿತು. ತಿಮ್ಮನ ಬೋಟಿಗೆ ಐಸ್ ಸಿಗಲಿಲ್ಲ. ಗಂಗೊಳ್ಳಿಯಿಂದ ತರಿಸಿ ಕಡಲಿಗಿಳಿಸಿದೆವು. ತಿಮ್ಮ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟ.

ಆದರೆ ಸುದ್ದಿ ಕಡಲಾಚೆ ಮುಟ್ಟಿತ್ತು. ಚಟ್ಲಿ ಖರೀದಿ ಮಾಡುವ ಅಲ್ಲಿನ ಕಂಪನಿಗಳು ಪ್ರೇಮಾನಂದನನ್ನು ಕೇಳತೊಡಗಿದವು. ಹಂಗಾರಕಟ್ಟೆ ಎಂದು ಬರೆದಿದ್ದೀರಿ, ಹಂಗಾರಕಟ್ಟೆಯಲ್ಲಿ ಯಾರು ಒಣಗಿಸಿದ್ದು?

ಅವನಿಗೆ ಮೊಮ್ಮಗಳು ಹುಟ್ಟಿದ ವಾರ ಫೋನು ಬಂತು. ನನ್ನ ಜಗಲಿಯಲ್ಲಿ ಸೀತಕ್ಕ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಹ್ವಾಯ್ ಬಾಗಿ, ಆದದ್ದ್ ಆಯ್ತ್," ಎಂದ ಪ್ರೇಮಾನಂದ. "ಸೀತಕ್ಕನ ಹತ್ರ ಮಾತಾಡಿ ಒಂದ್ ಲೋಡ್ ಚಟ್ಲಿ ಕೊಡ್ಸ್. ಅಸಲಿದ್ದೇ ಬೇಕ್. ಎಂತ ದರ ಹೇಳ್ತ್ರ್ ಕೇಳ್."

ಕೇಳಿದೆ. ಸೀತಕ್ಕ ಬಾಯಿ ತುಂಬ ಎಲೆ ಇಟ್ಟುಕೊಂಡು ಬೆರಳಲ್ಲಿ ತೋರಿಸಿದರು. ತೋರಿಸಿದ್ದನ್ನೇ ಹೇಳಿದೆ.

ಪ್ರೇಮಾನಂದ ಆಚೆಯಿಂದ ಕೂಗಿದ.

"ಎಂತ! ಒಣ ಚಟ್ಲಿಗೆ ಈ ದರವಾ ಮರಾಯ್ತಿ?"

"ಚಟ್ಲಿಗಲ್ಲ ಪ್ರೇಮಣ್ಣ, ಹೆಸರಿಗೆ. ಚಟ್ಲಿ ಫ್ರೀ!"